ಗಿಳಿಗೂಡಿಗೆ ಕೊರೆದ ಕಿಟಕಿ

ಶಿರಿಯದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಾಲ್ವದೊರ್ ಮಾಸ್ತರರಿಗೆ ಗಿಳಿಗಳ ಹುಚ್ಚು. ೧೯೫೧ರಲ್ಲಿ, ಹೊಳೆಬದಿಯ ಅಕ್ಕು ಎಂಬ ಹೆಂಗಸಿನ ಹಿತ್ತಿಲಲ್ಲಿ ಸಿಡಿಲು ಬಡಿದು ತಲೆ ಕಳೆದುಕೊಂಡ ತೆಂಗಿನ ಮರದ ಪೊಟರೆಯಲ್ಲಿ ಗಿಳಿಜೋಡಿಯೊಂದು ಮೊಟ್ಟೆಯಿಟ್ಟಿತು. ಮರ ಕಡಿಸಲು ಹೊರಟಿದ್ದ ಅಕ್ಕು, ಮಾಸ್ತರರು ಕೇಳಿಕೊಂಡರೆಂದು ಹಾಗೇ ಬಿಟ್ಟರು.

ಗಂಡು ತಂದ ಆಹಾರವನ್ನು ಹೆಣ್ಣಿನ ಕೊಕ್ಕಿಗೆ ಕೊಡುವುದು ಕೆಳಗಿನಿಂದ ಕಾಣುತ್ತಿತ್ತು. ಪೊಟರೆಯೊಳಗಿನದು ಕಾಣುತ್ತಿರಲಿಲ್ಲ. ಮಾಸ್ತರರಿಗೆ ತಡೆಯಲಾಗಲಿಲ್ಲ. ಅಕ್ಕು ಅವರಿಗೆ ತಿಳಿಸದೆ ಏಣಿಯಿಟ್ಟು ಮರದ ಹಿಂಬದಿಯಲ್ಲಿ ಉಳಿಯಿಂದ ಅಂಗೈಯಗಲದ ಕಿಟಕಿ ಕೊರೆದರು. ನೋಡಿಯಾದ ಮೇಲೆ ಅದಕ್ಕೊಂದು ತಗಡು ಮುಚ್ಚಿ ಹಗ್ಗ ಬಿಗಿಯುತ್ತಿದ್ದರು. ಕೆಲವು ವಾರಗಳಲ್ಲಿ ಮರಿಗಳಾದವು. ಪುಕ್ಕವಿಲ್ಲ, ಕಣ್ಣು ಇನ್ನೂ ಬಿಟ್ಟಿಲ್ಲ.

ಒಂದು ಬೆಳಿಗ್ಗೆ ಶಾಲೆಯ ಗಂಟೆ ಕೇಳಿ, ಹಗ್ಗ ಸರಿಯಾಗಿ ಬಿಗಿಯದೆ ಅವಸರದಲ್ಲಿ ಇಳಿದರು. ಸಂಜೆ ಬಂದಾಗ ತಗಡು ನೆಲದ ಮೇಲಿತ್ತು. ಕಿಟಕಿಯಿಂದ ಕಾಗೆಯೊಂದು ಹಾರಿತು. ಗೂಡು ಬರಿದಾಗಿತ್ತು. ತಾಯಿಗಿಳಿ ಮರ ಸುತ್ತಿ ಸುತ್ತಿ ಕಿರುಚುತ್ತಿತ್ತು.

ಅಕ್ಕು ಓಡಿ ಬಂದರು. “ಎಂತ ಆಯ್ತು ಮಾಸ್ಟ್ರೇ?”

“ಉಡ ತಿಂದಿರಬೇಕು ಅಕ್ಕಾ,” ಎಂದರು ಮಾಸ್ತರರು. ತಗಡು ಆಗಲೇ ಅವರ ಚೀಲ ಸೇರಿತ್ತು.

ಮರುದಿನ ಅಕ್ಕು ಅವರ ತಮ್ಮ ಭುಜಂಗ ಹೊಳೆಯ ದಂಡೆಯ ಬಿಲದಿಂದ ಉಡವೊಂದನ್ನು ಎಳೆದು ಕೊಂದು, ಶಾಲೆಯ ಬಾಗಿಲಿಗೇ ತಂದ. “ಕಳ್ಳ ಸಿಕ್ಕಿದ ಮಾರಾಯ್ರೇ, ನೋಡಿ!”

ಮಾಸ್ತರರಿಗೆ ಅದರ ಕಡೆ ನೋಡಲಾಗಲಿಲ್ಲ. ಸಂಜೆ ಹೋಗಿ ಅಕ್ಕ ತಮ್ಮ ಇಬ್ಬರ ಮುಂದೆಯೂ ಕಿಟಕಿಯ ವಿಷಯ, ಕಾಗೆಯ ವಿಷಯ ಎಲ್ಲ ಹೇಳಿದರು.

“ಕಾಗೆ ಅಂತ ಹೇಳಿದ್ರೆ ನಾನೆಂತ ನಿಮ್ಮನ್ನು ತಿಂತಿದ್ದೆನಾ?” ಎಂದರು ಅಕ್ಕು.

ಭುಜಂಗ ತನ್ನ ಕೈಗಳನ್ನೇ ನೋಡಿಕೊಂಡ. “ಎಂತದೂ ಮಾಡದ ಪ್ರಾಣಿ. ನನ್ನ ಕೈಯಲ್ಲಿ ಕೊಲ್ಲಿಸಿದ್ರಲ್ಲ,” ಎಂದು ಒಳಗೆ ಹೋದ. ಮತ್ತೆ ಮಾಸ್ತರರ ಜೊತೆ ಮಾತಾಡಲಿಲ್ಲ.

ಮಾಸ್ತರರು ಕಿಟಕಿಗೆ ಹಲಗೆ ಹೊಡೆಸಿದರು. ಮುಂದಿನ ವರ್ಷ ಗಿಳಿಗಳು ಅದೇ ಪೊಟರೆಗೆ ಬಂದವು. ಅಕ್ಕು ದಾರಿಯಲ್ಲಿ ಹೋಗುತ್ತಿದ್ದ ಮಾಸ್ತರರನ್ನು ತಾವಾಗಿಯೇ ಕರೆದರು. “ಬನ್ನಿ ಮಾಸ್ಟ್ರೇ, ಮರಿ ಉಂಟು. ಮರದಡಿಗೆ ಬಂದು ನೋಡಿ.”

ಮಾಸ್ತರರು ಬೇಲಿ ದಾಟಲಿಲ್ಲ. “ಇಲ್ಲಿಂದಲೇ ಕಾಣ್ತದೆ ಅಕ್ಕಾ,” ಎಂದರು. ಅಲ್ಲಿಂದ ಮರದ ಬೋಳು ತುದಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಮರಿಗಳ ದನಿ ಮಾತ್ರ ಕೇಳುತ್ತಿತ್ತು. ಅಷ್ಟನ್ನು ಕೇಳುತ್ತ ತುಸು ಹೊತ್ತು ನಿಂತು, ಶಾಲೆಗೆ ನಡೆದರು.