ರೆಕಾರ್ಡು ಮುಗಿಯುವ ತನಕ

ಶಾಂತಾ, ಆವತ್ತು ನಾನು ನಿನ್ನನ್ನು ಕರೆಯಲಿಲ್ಲ. ಕರೆದೆ ಅಂತ ಹೇಳಿದ್ದು ಸುಳ್ಳು. ನಿನ್ನ ಕಿವಿಯದು ಏನೇನೂ ತಪ್ಪಿರಲಿಲ್ಲ—ನನ್ನ ಬಾಯಿಯೇ ತೆರೆದಿರಲಿಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು ನೋಡು.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ. ಗೊತ್ತಿರುವುದರ ನಡುವೆಯೇ ನಾನು ಸುಳ್ಳನ್ನು ಬೆರೆಸಿದ್ದು, ಅದಕ್ಕೇ ಎಲ್ಲವನ್ನೂ ಮತ್ತೆ ಹರಡಿ ಆರಿಸಬೇಕಾಗಿದೆ.

ಟೆಲಿಫೋನ್ ಆಪರೇಟರ್ ಟ್ರೇನಿಂಗಿಗೆಂದು ಸಿಕಂದರಾಬಾದಿನಲ್ಲಿದ್ದಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಕನ್ನಡದವರು ನಾವಿಬ್ಬರೇ ಅಂತ ಒಬ್ಬರಿಗೊಬ್ಬರು ಅಂಟಿಕೊಂಡವರು. ಮನೆಯ ಒಡತಿ ಒಬ್ಬ ಆಂಗ್ಲೋ ಇಂಡಿಯನ್ ವಿಧವೆ. ಅವರ ಮಗ ಸಂಜೆಯಾದರೆ ವರಾಂಡದಲ್ಲಿ ರೆಕಾರ್ಡು ಹಚ್ಚುತ್ತಿದ್ದ. ಇದು ಜಾಝ್, ಇದು ಫಂಕ್ ಅಂತ ಬೇರೆ ಮಾಡಿ ತೋರಿಸಿದವನು ಅವನೇ. ನನಗೆ ಮೊದಮೊದಲು ಎಲ್ಲವೂ ಗದ್ದಲ. ನೀನೇ ನನ್ನ ಮೊಣಕೈ ತಿವಿದು, ಮೇಲಿನ ತುತ್ತೂರಿ ಬಿಡು, ಅಡಿಯಲ್ಲಿ ಆ ದಪ್ಪ ತಂತಿ ನಡೆಯುತ್ತಿದೆಯಲ್ಲ, ಬೇಸ್ ಗಿಟಾರು, ಅದರ ಬೆನ್ನು ಹತ್ತು ಅಂದೆ. ಬೆನ್ನು ಹತ್ತಿದೆ. ಮತ್ತೆ ಬಿಡಲಾಗಲಿಲ್ಲ.

ಆ ತಾಯಿ ಮಗ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರ ಪ್ಲೇಯರನ್ನೂ ಒಂದಷ್ಟು ರೆಕಾರ್ಡುಗಳನ್ನೂ ನನ್ನ ಅಣ್ಣ ಕೊಡಿಸಿದ. ನನ್ನನ್ನು ಜಹೀರಾಬಾದಿಗೆ ಹಾಕಿದರು, ನಿನ್ನನ್ನು ನಾರಾಯಣಖೇಡಕ್ಕೆ. ಸಂಗೀತವೆಲ್ಲ ನನ್ನ ಪಾಲಿಗೆ ಬಂತು, ಅದನ್ನು ಕೇಳುವ ಕಿವಿ ನಿನ್ನ ಬಳಿ ಉಳಿಯಿತು.

ನಾರಾಯಣಖೇಡಕ್ಕೆ ಇದ್ದದ್ದು ಒಂದೇ ಲೈನು, ಅದೂ ನನ್ನ ಬೋರ್ಡಿನ ಮೂಲಕ. ಮಧ್ಯಾಹ್ನ ಬಿಸಿಲೇರಿ ಬಜಾರು ಬಾಗಿಲು ಹಾಕಿದ ಹೊತ್ತಿನಲ್ಲಿ ಬೋರ್ಡು ಸುಮ್ಮನಿರುತ್ತಿತ್ತು. ಆಗ ನಾನು ನಿನ್ನ ಲೈನಿಗೆ ಪ್ಲಗ್ಗು ಚುಚ್ಚಿ, ಮಾತಾಡುವ ಹಿಡಿಯನ್ನು ಪ್ಲೇಯರಿನ ಮುಂದೆ ಇಡುತ್ತಿದ್ದೆ. ನೀನು ಅಲ್ಲಿ ರಿಸೀವರನ್ನು ಖಾಲಿ ತಾಮ್ರದ ಕೊಡದಲ್ಲಿ ಇಳಿಬಿಡುತ್ತಿದ್ದೆ. ಕೋಣೆಯೆಲ್ಲ ತುಂಬುತ್ತದೆ ಅನ್ನುತ್ತಿದ್ದೆ. ಆದರೆ ಆ ದಪ್ಪ ತಂತಿ ಮಾತ್ರ ಟೆಲಿಫೋನಿನಲ್ಲಿ ದಾಟಿ ಬರುತ್ತಲೇ ಇರಲಿಲ್ಲ. "ಈ ಹಾಡು ತಳ ಇಲ್ಲದ ಕೊಡ ಆಗ್ಯದ ಮಾದೇವಿ, ತಡಿ, ನಾ ತಳಾ ಹಾಕ್ತೀನಿ," ಅಂದು ನೀನು ಮೇಜಿನ ಮೇಲೆ ಅಂಗೈಯಿಂದ ಬಾರಿಸುತ್ತಿದ್ದೆ. ಅದು ನನಗೆ ಇಲ್ಲಿ ಕೇಳುತ್ತಿತ್ತು. ಎಷ್ಟು ಸರಿಯಾಗಿ ಬೀಳುತ್ತಿತ್ತು ಆ ಪೆಟ್ಟು—ಮಹರಾಯ್ತಿ, ಯಾರ ಬಳಿ ಕಲಿತಿದ್ದೆ ನೀನು!

ಇದು ಕೆಲಸದ ನಿಯಮಕ್ಕೆ ವಿರುದ್ಧ ಅಂತ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ನಮ್ಮದೇ ನಿಯಮ ಮಾಡಿಕೊಂಡಿದ್ದೆವು. ನಿನ್ನ ಕಡೆಗೆ ಕಾಲ್ ಬಂದರೆ ನಾನು ಹಾಡಿನ ನಡುವೆಯೇ ಜೋರಾಗಿ "ಶಾಂತಾ" ಅನ್ನಬೇಕು, ನೀನು ತಟ್ಟನೆ ಬೋರ್ಡಿಗೆ ಬರಬೇಕು. ಒಂದು ಕಾಲ್ ಕೂಡ ತಡವಾಗಿರಲಿಲ್ಲ. ಇನ್ನೊಂದು ನಿಯಮವೂ ಇತ್ತು. ಹೊಸ ರೆಕಾರ್ಡನ್ನು ಯಾರೂ ಒಬ್ಬರೇ ಕೇಳಬಾರದು.

ಆವತ್ತು ಹೊಸ ರೆಕಾರ್ಡು. ಸಿಕಂದರಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ನಿನ್ನ ರಜೆ ಮುಗಿಯಲಿ ಅಂತ ಕವರಿನಿಂದ ಹೊರಗೇ ತೆಗೆದಿರಲಿಲ್ಲ. ರೆಕಾರ್ಡಿನ ಮೇಲೆ ಮುಳ್ಳಿಟ್ಟೆ. ಮೊದಲು ಬರೀ ಡ್ರಮ್ಮು, ಆಮೇಲೆ ಗಿಟಾರು ಚಕ್ ಚಕ್ ಅಂತ ಕತ್ತರಿಸುತ್ತ ಬಂತು, ಆಮೇಲೆ ತುತ್ತೂರಿಗಳು ಒಟ್ಟಿಗೆ ಬಾಯಿ ಹಾಕಿದವು. ನಡುವೆ ಎಲ್ಲ ನಿಂತು ಸ್ಯಾಕ್ಸೋಫೋನ್ ಒಂದೇ ಮೇಲೆ ಹತ್ತಲು ಶುರುಮಾಡಿತು. ನೀನು ಅಲ್ಲಿ ಬಾರಿಸುತ್ತಿದ್ದೆ. ಆಗ ಹೈದರಾಬಾದ್ ಲೈನಿನ ದೀಪ ಹೊತ್ತಿಕೊಂಡಿತು.

ಎತ್ತಿದೆ. ಆಸ್ಪತ್ರೆಯಿಂದ ಅರ್ಜೆಂಟ್ ಕಾಲ್, ನಾರಾಯಣಖೇಡದ ಬಟ್ಟೆ ಅಂಗಡಿಯೊಂದಕ್ಕೆ. ಅಲ್ಲಿನ ಆಪರೇಟರ್ ಅವಸರದಲ್ಲಿದ್ದ. ಲೈನು ಬಿಜಿ ಅಂದರೆ ಮಾತು ಕಡಿದು ಕೊಡು ಅನ್ನುತ್ತಿದ್ದ, ಅರ್ಜೆಂಟ್ ಕಾಲ್‌ಗೆ ಆ ಹಕ್ಕಿತ್ತು. ಹೊತ್ತು ಸಿಗಬೇಕೆಂದರೆ ಹೇಳಬಹುದಾದದ್ದು ಒಂದೇ—ನಾರಾಯಣಖೇಡದವರು ಎತ್ತುತ್ತಿಲ್ಲ ಅಂದೆ. ಯೋಚಿಸದೆ ಬಾಯಿಗೆ ಬಂದ ಮಾತಲ್ಲ ಅದು. ಆರಿಸಿ ಹೇಳಿದ್ದು. ಅವನು ಮತ್ತೆ ನೋಡಿ ಅಂದ. ನಾನು ರೆಕಾರ್ಡಿನ ಮೇಲೆ ಮುಳ್ಳು ಎಲ್ಲಿದೆ ಅಂತ ನೋಡಿದೆ. ಇನ್ನು ಅರ್ಧ ಬೆರಳಗಲ ಉಳಿದಿತ್ತು. ಇಲ್ಲ, ಎತ್ತುತ್ತಿಲ್ಲ, ಅಂತ ಮತ್ತೆ ಅದನ್ನೇ ಹೇಳಿದೆ. ಆಗಲೇ ನಾಲಿಗೆ ಬಿದ್ದು ಹೋಗಿದ್ದರೆ—

ನಿನ್ನ ಸಂತೋಷ ಕೆಡಿಸಬಾರದು ಅಂತ ಹಾಗೆ ಮಾಡಿದೆ ಅಂದುಕೊಂಡೇ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಅದೂ ಸುಳ್ಳು. ಆ ಸ್ಯಾಕ್ಸೋಫೋನ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕೇಳಬೇಕಾಗಿದ್ದದ್ದು ನನಗೆ.

ರೆಕಾರ್ಡು ಮುಗಿಯಿತು. ನೀನು ನಗುತ್ತ ಇನ್ನೊಮ್ಮೆ ಹಚ್ಚು ಅಂದೆ. ತಡಿ ಅಂದು ಹೈದರಾಬಾದಿಗೆ ತಿರುಗಿದೆ—ಲೈನು ಸತ್ತಿತ್ತು. ಬೇಸಿಗೆ ಗಾಳಿಗೆ ತಂತಿ ಹೋಗುವುದು ಹೊಸದೇನಲ್ಲ. ಬರುತ್ತದೆ, ಈಗ ಬರುತ್ತದೆ ಅಂತ ಕೂತೆ. ನಿನಗೆ ಆಗಲೂ ಏನೂ ಹೇಳಲಿಲ್ಲ. ಲೈನು ಬಂದದ್ದು ಹೊತ್ತು ಮುಳುಗಿದ ಮೇಲೆ. ಅಷ್ಟರಲ್ಲಿ ನಾರಾಯಣಖೇಡದಿಂದ ಹೈದರಾಬಾದಿಗೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿತ್ತು.

ಸಿರ್ಗಾಪುರದ ಹೆಣ್ಣುಮಗಳೊಬ್ಬಳು ಆ ಬಟ್ಟೆ ಅಂಗಡಿಯಲ್ಲಿ, ತನ್ನ ತಮ್ಮನ ಬಳಿ, ಆ ಕಾಲ್‌ಗೆಂದೇ ಕಾದು ಕೂತಿದ್ದಳು. ಹೈದರಾಬಾದಿನಲ್ಲಿ ಅವಳ ಮಗನಿಗೆ ಆಪರೇಷನ್ ಇತ್ತು. ಅವ್ವನನ್ನು ಕರೆಸಿ ಅಂದಿದ್ದನಂತೆ. ಅವಳು ಮರುದಿನ ಮುಟ್ಟುವಷ್ಟರಲ್ಲಿ ಮಗ ಇರಲಿಲ್ಲ.

ವಿಚಾರಣೆಗೆ ಸಾಹೇಬರು ಬರುತ್ತಾರೆ ಅಂತ ಗೊತ್ತಾದ ದಿನ ನೀನು ಲೈನಿನಲ್ಲಿ ಬಂದೆ. ನಾನು ಪ್ಲಗ್ಗು ಚುಚ್ಚುವಾಗಲೇ ನಿನ್ನ ಉಸಿರು ಕೇಳಿತು.

"ಮಾದೇವಿ, ಆವತ್ತ ನೀ ನಂಗ ಕರದಿದ್ದಿ ಏನ?"

ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಲೈನಿನಲ್ಲಿ ಯಾರೂ ಇರಲಿಲ್ಲ.

"ಕರದೆ ಶಾಂತಾ. ಭಾಳ ಸಲ ಕರದೆ."

ನೀನು ನಿಧಾನಕ್ಕೆ ಅಂದೆ: "ನಾ ಮೇಜು ಬಡಕೋತ ಕುಂತಿದ್ನಲ್ಲ, ಹಂಗಾಗಿ ಕೇಳಿಲ್ಲ. ನೀ ಅಂಜಬ್ಯಾಡ. ನಿನ್ನ ಹೆಸರು ನಾ ಎತ್ತಂಗಿಲ್ಲ."

ಎತ್ತಲಿಲ್ಲ. ಹಾಡಿನ ಮಾತೇ ತೆಗೆಯದೆ, ನಿದ್ದೆ ಹತ್ತಿತ್ತು ಅಂತ ನೀನು ಒಪ್ಪಿಕೊಂಡೆ. ನಾನು ಸಾಹೇಬರ ಮುಂದೆ ನಿಂತು, ಎಷ್ಟು ಕರೆದರೂ ನಾರಾಯಣಖೇಡದವರು ಎತ್ತಲಿಲ್ಲ ಅಂತ ಹೇಳಿದೆ. ನಿನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಒಂದೇ ಮಾತಿಗೆ ಹೋಯಿತು. ನನ್ನದು ಕಾಯಂ ಆಯಿತು. ನೀನು ಸಿರ್ಗಾಪುರಕ್ಕೆ ಹೋಗಿ ಆ ತಾಯಿಯ ಕಾಲಿಗೆ ಬಿದ್ದೆಯಂತೆ. ಅವಳು ಎಬ್ಬಿಸಿ ಮಜ್ಜಿಗೆ ಕೊಟ್ಟಳಂತೆ. ಬೀಳಬೇಕಾದವಳು ನಾನು. ನಾನು ಇವತ್ತಿಗೂ ಸಿರ್ಗಾಪುರದ ಬಸ್ಸು ಹತ್ತಿಲ್ಲ.

ಹೋದ ವರ್ಷ ತಾಂಡೂರಿಗೆ, ನಿನ್ನ ಮನೆಗೆ ಬಂದಿದ್ದೆನಲ್ಲ, ಹೇಳಲೆಂದೇ ಬಂದಿದ್ದೆ. ಚೀಲದಲ್ಲಿ ಅದೇ ರೆಕಾರ್ಡಿತ್ತು, ಪ್ಲೇಯರೂ ಇತ್ತು. ನೀನು ಜೋಳದ ಹಿಟ್ಟು ನಾದುತ್ತಿದ್ದೆ. ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋದ ನಿನ್ನ ಗಂಡ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಒಂದು ರೇಡಿಯೋ ಕೂಡ ಇರಲಿಲ್ಲ. ಚೀಲದಿಂದ ಕವರಿನ ಅಂಚು ಹೊರಗೆ ಬಂದದ್ದೇ ನೀನು ಮುಖ ತಿರುಗಿಸಿದೆ.

"ಬ್ಯಾಡ ಮಾದೇವಿ. ಅದನ್ನ ಕೇಳ್ಕೋತ ಕುಂತು ಒಬ್ಬ ತಾಯಿ ಹೊಟ್ಟಿ ಉರಿಸೀನಿ ನಾ."

ಇಲ್ಲ, ನೀನಲ್ಲ—ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬೀದಿಯಿಂದ ನಿನ್ನ ಮಗಳು "ಯವ್ವಾ" ಅಂದಳು. ಎಂಥ ಅವಸರದ ಕೂಗೂ ಅಲ್ಲ, ಆಡುತ್ತ ಆಡುತ್ತ ಕರೆದದ್ದು. ನೀನು ಹಿಟ್ಟಿನ ಕೈಯಲ್ಲೇ, ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಓಡಿದೆ. ರೊಟ್ಟಿ ಸೀದು ಹೋಯಿತು. ಅವಳಿಗೆ ಬೇಕಾಗಿದ್ದದ್ದು ಚೂರು ಬೆಲ್ಲ. ನೀನು ತಿರುಗಿ ಬಂದು, ಒಮ್ಮೆ ಕರೆದರೆ ಓಗೊಟ್ಟುಬಿಡಬೇಕು, ಎರಡನೇ ಸಲ ಕರೆಸಿಕೊಳ್ಳಬಾರದು ಅಂತ ನಗುತ್ತಲೇ ಅಂದೆ. ಮನೆಯಲ್ಲಿ ಎಲ್ಲರೂ ನಿನ್ನನ್ನು ಇದಕ್ಕೆ ಹಾಸ್ಯ ಮಾಡುತ್ತಾರಂತೆ. ಚಹಾ ಕುಡಿದು, ಚೀಲ ಎತ್ತಿಕೊಂಡು, ಹೇಡಿಯ ಹಾಗೆ ಬಸ್ ಸ್ಟ್ಯಾಂಡಿಗೆ ನಡೆದೆ.

ಈಗ ನಮ್ಮ ಬೋರ್ಡು ತೆಗೆಯುತ್ತಿದ್ದಾರೆ. ಇನ್ನು ಮೇಲೆ ಜನ ತಾವೇ ನಂಬರು ತಿರುಗಿಸಿ ಮಾತಾಡಬಹುದಂತೆ, ನಡುವೆ ನಮ್ಮಂಥವರು ಬೇಕಿಲ್ಲ. ಒಳ್ಳೆಯದೇ ಆಯಿತು. ನಾನು ಕೂತಿದ್ದ ಕುರ್ಚಿಯನ್ನು ಹೊರಗೆ ಹಾಕಿದ ದಿನವೇ ಇದನ್ನು ಬರೆಯಲು ಕೂತೆ. ಆದರೆ ಟಪಾಲಿಗೆ ಹಾಕುವುದಿಲ್ಲ. ನೀನು ಒಬ್ಬಳೇ ಕೂತು ಇದನ್ನು ಓದಬಾರದು. ನಿನ್ನ ಮುಖ ನೋಡುವ ಶಿಕ್ಷೆಯಿಂದ ನಾನು ತಪ್ಪಿಸಿಕೊಳ್ಳಬಾರದು.

ಭಾನುವಾರ ಬರುತ್ತೇನೆ. ರೆಕಾರ್ಡು ತರುವುದಿಲ್ಲ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಅದೂ ಸರಿ. ಅಲ್ಲಿಂದ ಸಿರ್ಗಾಪುರಕ್ಕೂ ಹೋಗುತ್ತೇನೆ. ಮೊದಲು ನಿನ್ನ ಬಾಗಿಲಲ್ಲಿ ನಿಂತು "ಶಾಂತಾ" ಅಂತ ಕರೆಯಬೇಕು. ಕೈಯಲ್ಲಿದ್ದದ್ದನ್ನು ಬಿಟ್ಟು ನೀನು ಮೊದಲ ಕೂಗಿಗೇ ಓಡಿ ಬರುತ್ತೀ, ನನಗೆ ಗೊತ್ತು. ಆವತ್ತೂ ಬರುತ್ತಿದ್ದೆ, ಕರೆದಿದ್ದರೆ.