ಮುಟ್ಟದೆ ಹಿಡಿದ ಮೀನು

ಗೆಳೆಯರೇ, ಜಲನಗರದ ನಮ್ಮ ಮಲ್ಲೇಶಿ ಇವತ್ತು ಮೀನು ಹಿಡಿಯಲು ಕಲಿತ. ಅಪ್ಪಟ ಶಾಕಾಹಾರಿ. ಹಿಡಿದು ವಾಪಸ್ ನೀರಿಗೆ ಬಿಡುವುದಷ್ಟೇ ಅವನ ಹೊಸ ಹವ್ಯಾಸವಂತೆ. ಬಬಲೇಶ್ವರದ ಹತ್ತಿರದ ಕೆರೆಗೆ ಹೊಳೆಯುವ ಗಾಳದ ಕೋಲು ಹೊತ್ತು ತಂದವನು, ಎರೆಹುಳು ಸಿಕ್ಕಿಸಲು ಮಾತ್ರ ಒಪ್ಪಲಿಲ್ಲ. “ಪಾಪ, ಹಿಂಸೆ ಆಗ್ತದಪಾ” ಎಂದು ಜೋಳದ ಹಿಟ್ಟಿನ ಉಂಡೆ ಸಿಕ್ಕಿಸಿದ.

ಮೀನು ಬಿತ್ತು. ತುಟಿಗೆ ಗಾಳ ನಾಟಿ ದಂಡೆಯ ಮೇಲೆ ಒದ್ದಾಡತೊಡಗಿತು. ಮಲ್ಲೇಶಿ ಎರಡು ಹೆಜ್ಜೆ ಹಿಂದೆ ಸರಿದು, ಫೋಟೋ ತೆಗೆಯಲು ಮೊಬೈಲ್ ನನ್ನ ಕೈಗಿಟ್ಟು, ಜೊತೆಗಿದ್ದ ಗೆಳೆಯ ರಫೀಕನಿಗೆ ಹೇಳಿದ: “ನೀ ಎತ್ತಿ ಹಿಡಿಯಪಾ, ನಾ ಬಾಜೂಕ ನಿಂದರತೇನಿ. ನಾ ಮುಟ್ಟಿದ್ರ ಮನ್ಯಾಗ ಒಳಗ ಕರಕೊಳ್ಳಂಗಿಲ್ಲ. ನಿನ್ನ ಕೈ ಫೋಟೋದಾಗ ಕಾಣಬಾರದು ಮತ್ತ!”

“ಹಿಡದಾಂವ ನೀನು, ಮುಟ್ಟಾಂವ ನಾನೇನಲೇ? ಅದರ ಜೀವ ಹೋಗಾಕತ್ತದ, ನಿನಗ ಫೋಟೋದ ಚಿಂತಿ!” ಎನ್ನುತ್ತಲೇ ರಫೀಕ್ ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟ. ಫೋಟೋ ತಪ್ಪಿತು.

ಮನೆಗೆ ಬಂದು ನೋಡಿದರೆ ಮಲ್ಲೇಶಿಯ ಪೋಸ್ಟ್. ಬರೀ ಕೆರೆಯ ಫೋಟೋ, ಮೇಲೆ ಬರಹ: “ಇಂದು ಒಂದು ಮೂಕಜೀವ ಉಳಿಸಿದ ಧನ್ಯತೆ.”

ನಾನು ಕೆಳಗೆ ಬರೆದೆ: “ಹುಳಕ್ಕೆ ಅಭಯ, ಮೀನಿಗೆ ಗಾಯ, ಮಲ್ಲೇಶಿಗೆ ಶ್ರೇಯ.”

ಅಳಿಸಿಬಿಟ್ಟ. ಅದಕ್ಕೇ ಇಲ್ಲಿ ಹಾಕಿದ್ದೇನೆ.