ಅಕ್ಕ ಹೊಲಿದ ಹರಿಗೋಲು

ಅಕ್ಕ ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಮಾತಾಡಿಸಲು ಬಂದವರೆಲ್ಲ ಅವಳ ಕಾಯಿಲೆಯ ವಿಚಾರವನ್ನೇ ಕೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಹೇಳಿ ಹೇಳಿ, ಅಕ್ಕ ಎಂದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಹೆಂಗಸು ಎಂದಷ್ಟೇ ಉಳಿದುಬಿಡುತ್ತದೇನೋ ಎಂದು ಭಯವಾಗುತ್ತದೆ. ಅವಳು ಅಷ್ಟೇ ಅಲ್ಲ. ಒಂದು ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಕೂತು ಹರಿದ ಹರಿಗೋಲು ಹೊಲಿದು, ಅದರಲ್ಲೇ ಹೇಮಾವತಿ ದಾಟಿ ಪರೀಕ್ಷೆಗೆ ಹೋದವಳು. ಅದನ್ನು ಬರೆದಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ಹೊಳೆಗೆ ಅಣೆಕಟ್ಟು ಇರಲಿಲ್ಲ, ಮಳೆ ಹಿಡಿದರೆ ದಡ ತುಂಬಿ ಹರಿಯುತ್ತಿತ್ತು. ನಮ್ಮ ಊರು ಹೊಳೆಯ ಈಚೆ, ಹೊಳೆನರಸೀಪುರ ಆಚೆ. ಸೇತುವೆಗೆ ಹೋಗಲು ಗಾಡಿದಾರಿ ಇದ್ದರೂ ನಡುವಿನ ಹಳ್ಳ ಉಕ್ಕಿದರೆ ಅದು ಮುಚ್ಚಿದಂತೆಯೇ. ಆಮೇಲೆ ಉಳಿಯುತ್ತಿದ್ದುದು ನಮ್ಮ ಮನೆಯ ಹರಿಗೋಲು ಒಂದೇ. ಆಚೆ ದಡದ ತೆಂಗಿನ ತೋಟಕ್ಕೆ ಹೋಗಿಬರಲು ಅಪ್ಪ ಮಾಡಿಸಿದ್ದು. ಒಳಗೆ ಬಿದಿರಿನ ಹೆಣಿಗೆ, ಹೊರಗೆ ದಪ್ಪ ಗೋಣಿ, ಅದರ ಮೇಲೆ ಡಾಂಬರು.

ಅಕ್ಕ ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ ಲೆಕ್ಕದಲ್ಲಿ ಫೇಲಾಗಿದ್ದಳು. ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕಟ್ಟಲು ಅಪ್ಪ ಒಪ್ಪಿದ್ದೇ ಹೆಚ್ಚು. ಪಾಸಾದರೆ ಹಾಸನದಲ್ಲಿ ಟೀಚರ್ ಟ್ರೈನಿಂಗು, ಇಲ್ಲದಿದ್ದರೆ ಓದು ಅಲ್ಲಿಗೆ ಮುಗಿಯಿತು ಎಂದಿದ್ದರು. ಕೋಪದಲ್ಲಿ ಹೇಳಿದ್ದರೆ ಆ ಮಾತು ಬದಲಾಗುತ್ತಿತ್ತು. ಅಪ್ಪ ಮುದ್ದೆ ಮುರಿಯುತ್ತ ಸಮಾಧಾನವಾಗಿ ಹೇಳಿದ್ದರು, ಹಾಗಾಗಿ ಬದಲಾಗುವಂತಿರಲಿಲ್ಲ.

ಪರೀಕ್ಷೆಯ ವಾರದಲ್ಲೇ ಹಿರೀಸಾವೆ ಕಡೆಯ ನೆಂಟರ ಮನೆಯಲ್ಲಿ ತಿಥಿ ಬಂತು. ಅಪ್ಪ ಅವ್ವ ಇಬ್ಬರೂ ಹೋದರು. ಮನೆಯಲ್ಲಿ ಉಳಿದದ್ದು ಅಜ್ಜಿ, ನಾವಿಬ್ಬರು, ಚಿಕ್ಕಪ್ಪ. ಹರಿಗೋಲು ನಡೆಸುವವನು ಚಿಕ್ಕಪ್ಪನೇ. ಅವನು ತೋಟದಿಂದ ಕಾಯಿ ತುಂಬಿಕೊಂಡು ಬರುವಾಗ, ಈಚೆ ದಡದ ಹತ್ತಿರ ನೀರಿನಲ್ಲಿ ಮುಳುಗಿದ್ದ ಮರದ ಮೋಟಿಗೆ ತಗುಲಿ ಹರಿಗೋಲಿನ ತಳ ಒಂದು ಗೇಣಿನಷ್ಟು ಸೀಳಿತು. ಬಿದಿರು ಮುರಿದಿರಲಿಲ್ಲ, ಗೋಣಿ ಮಾತ್ರ ಹರಿದಿತ್ತು. ಚಿಕ್ಕಪ್ಪ ಕಾಯಿಗಳನ್ನೆಲ್ಲ ದಡಕ್ಕೆ ಎಸೆದು, ಹರಿಗೋಲನ್ನು ಬೋರಲಾಗಿ ಬೆನ್ನಿನ ಮೇಲೆ ಹೊತ್ತು ಬಂದ. ದೂರದಿಂದ ದೊಡ್ಡ ಆಮೆಯೊಂದು ಎದ್ದು ನಡೆದು ಬರುತ್ತಿದ್ದ ಹಾಗಿತ್ತು.

ಅದನ್ನು ಸರಿಮಾಡುವವರು ಇದ್ದದ್ದು ಆಚೆ ದಡದಲ್ಲಿ, ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ. ಅವರನ್ನು ಕರೆತರಬೇಕಾದರೂ ಹೊಳೆ ದಾಟಬೇಕು. ಹಳ್ಳ ಆಗಲೇ ಉಕ್ಕಿತ್ತು.

ಚಿಕ್ಕಪ್ಪ ಜಗಲಿಯ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತ, “ಓಗ್ಲಿ ಬುಡವ್ವ, ಮುಂದಿನ್ ಸಾರಿ ಕಟ್ಟಿದ್ರಾಯ್ತು” ಎಂದ.

“ಮುಂದಿನ್ ಸಾರಿ ಅನ್ನೋದೇ ಇಲ್ಲ ಕಣ್ ಚಿಕ್ಕಪ್ಪ” ಎಂದಳು ಅಕ್ಕ.

ಅವಳು ಅಳಲಿಲ್ಲ. ಹರಿಗೋಲಿನ ಹತ್ತಿರ ಹೋಗಿ ಸೀಳಿನೊಳಗೆ ಬೆರಳು ತೂರಿಸಿ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಮೆಂತ್ಯ ನೆನೆಹಾಕಿದಳು.

ನಮ್ಮ ಕಡೆ ಹೊಸ ಮೊರವೋ ಕುಕ್ಕೆಯೋ ಬಂದರೆ ಮೆಂತ್ಯ ರುಬ್ಬಿ, ನೆನೆಸಿದ ಹಳೇ ಕಾಗದವನ್ನು ಅದರಲ್ಲಿ ಕುಟ್ಟಿ ಸೇರಿಸಿ, ಸಂದುಗಳಿಗೆಲ್ಲ ಮೆತ್ತುತ್ತಾರೆ. ಒಣಗಿದ ಮೇಲೆ ರಾಗಿಹಿಟ್ಟು ಕೂಡ ಸೋರುವುದಿಲ್ಲ. ಹೆಣ್ಣುಮಕ್ಕಳಿಗೆ ಬರುವ ಕೆಲಸ ಅದು. ಹರಿಗೋಲು ಎಂದರೂ ದೊಡ್ಡದೊಂದು ಕುಕ್ಕೆ ತಾನೆ ಎಂದುಕೊಂಡೆವು. ಸೀಳಿನ ಮೇಲೆ ಹಳೇ ಸೀರೆಯ ಬಟ್ಟೆ ಇಟ್ಟು, ಮೇಲೂ ಕೆಳಗೂ ಮೆಂತ್ಯ ಮೆತ್ತಿ, ಕೆಂಡ ಹಿಡಿದು ಒಣಗಿಸಿದೆವು. ಕಲ್ಲಿನ ಹಾಗಾಯಿತು. ಅಕ್ಕ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ ನಕ್ಕಳು, ನಾನೂ ತಟ್ಟಿದೆ.

ಹೊಳೆಗೆ ಹಾಕುವ ಮೊದಲು ಪರೀಕ್ಷೆ ಮಾಡಿ ಎಂದವಳು ಅಜ್ಜಿ. ಕೊಟ್ಟಿಗೆಯೊಳಗೆ ಹರಿಗೋಲನ್ನು ಅಂಗಾತ ಮಾಡಿ ಕಲ್ಲುಗಳ ಮೇಲೆ ಕೂರಿಸಿ, ಕೆಳಗಿನ ನೆಲಕ್ಕೆ ಒಲೆಯ ಬೂದಿ ಜರಡಿ ಹಿಡಿದು, ಒಳಗೆ ನೀರು ಸುರಿಸಿದಳು. ಒಂದು ತೊಟ್ಟು ಸೋರಿದರೂ ಬೂದಿಯಲ್ಲಿ ಕಾಣುತ್ತದೆ. ನಾವು ಮುದ್ದೆ ಉಂಡು ಬರುವಷ್ಟರಲ್ಲಿ ಬೂದಿಯೆಲ್ಲ ಕೆಸರಾಗಿತ್ತು. ಮೆಂತ್ಯ ನೀರು ಕುಡಿದು ಉಬ್ಬಿ, ಲೋಳೆಯಾಗಿ, ಎಳೆ ಎಳೆಯಾಗಿ ಇಳಿಯುತ್ತಿತ್ತು.

ಚಿಕ್ಕಪ್ಪ ಬಾಗಿಲಿಗೆ ಒರಗಿ ನಿಂತು ನೋಡಿದ. “ಏನ್ ಅವ್ವಂದಿರಾ, ಒಳೆಗೆ ಮೆಂತ್ಯದ ಗೊಜ್ಜು ಇಕ್ಕಕ್ಕೆ ಒಂಟಿದ್ದೀರಾ?”

ಅಜ್ಜಿಗೂ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ಕೆಂಪಾಯಿತು. ಆದರೆ ಅವಳ ಕಣ್ಣು ಚಿಕ್ಕಪ್ಪನ ಮೇಲಿರಲಿಲ್ಲ. ಹರಿಗೋಲಿನ ಅಂಚಿನ ಹತ್ತಿರ ಹಿಂದೆ ಯಾವಾಗಲೋ ಹಾಕಿಸಿದ್ದ ಹಳೆಯ ತೇಪೆಯೊಂದಿತ್ತು, ಅದನ್ನೇ ನೋಡುತ್ತಿದ್ದಳು. ಕುಡುಗೋಲಿನ ತುದಿಯಿಂದ ಅದರ ಒಂದು ಬದಿಯನ್ನು ಎಬ್ಬಿಸಿ, ಒಳಗೆ ಏನೇನಿದೆ ಎಂದು ಒಂದೊಂದಾಗಿ ನೋಡಿದಳು. ಮೊದಲು ಸೀಳನ್ನೇ ಹುರಿಯಿಂದ ಓರೆಯಾಗಿ ಹೊಲಿದಿದ್ದರು. ಅದರ ಮೇಲೆ ಡಾಂಬರು, ಆಮೇಲೆ ಗೋಣಿಯ ತುಂಡು, ಮತ್ತೆ ಡಾಂಬರು. ತುಂಡು ದುಂಡಗಿತ್ತು. ನಮ್ಮ ಸೀರೆಬಟ್ಟೆ ಚೌಕವಾಗಿತ್ತು, ಅದರ ನಾಲ್ಕು ಮೂಲೆಗಳೇ ಮೊದಲು ಎದ್ದಿದ್ದವು.

“ದುಂಡಗಿದ್ರೆ ಏಳಕ್ಕೆ ಮೂಲೇನೇ ಇರಲ್ಲ” ಎಂದಳು. ಎಬ್ಬಿಸಿದ ಬದಿಗೂ ಹೊಸದರ ಜೊತೆಗೆ ಡಾಂಬರು ಮೆತ್ತಿದರಾಯಿತು ಎಂದು ಮತ್ತೆ ಒತ್ತಿಟ್ಟಳು.

ಕೆಲಸ ಮೊದಲಿನಿಂದ ಶುರುವಾಯಿತು. ಮೆಂತ್ಯವನ್ನೆಲ್ಲ ಕೆರೆದು ತೊಳೆದೆವು. ಒದ್ದೆ ಗೋಣಿಗೆ ಡಾಂಬರು ಹಿಡಿಯುವುದಿಲ್ಲ ಎಂದು ಚಿಕ್ಕಪ್ಪನೇ ಹೇಳಿದ. ಗೇಲಿ ಮಾಡುತ್ತಲೇ ಅವನೂ ಹತ್ತಿರ ಬಂದು ಕೂತಿದ್ದ. ಹೊರಗೆ ಬಿಡದ ಜಡಿಮಳೆ. ಹರಿಗೋಲನ್ನು ಕೊಟ್ಟಿಗೆಯಲ್ಲಿ ಬೋರಲು ಹಾಕಿ, ಒಡೆದ ಮಡಕೆಯ ಬೋಕಿಯಲ್ಲಿ ಬಚ್ಚಲ ಒಲೆಯ ಕೆಂಡ ತಂದು ಕೆಳಗಿಟ್ಟೆವು. ಆರಿದಾಗ ಬದಲಾಯಿಸುತ್ತ, ಗೋಣಿ ಗರಿಗರಿಯಾಗುವ ತನಕ ಕಾದೆವು. ಅಕ್ಕ ಅದರ ಪಕ್ಕದಲ್ಲೇ ಸ್ಲೇಟು ಹಿಡಿದು ಲೆಕ್ಕ ಮಾಡುತ್ತಿದ್ದಳು. ಹಸು ಆಗಾಗ ಅವಳ ಜಡೆ ನೆಕ್ಕುತ್ತಿತ್ತು.

ಒಣಗಿದ ಮೇಲೆ ಹೊಲಿಗೆ. ಮೂಟೆ ಹೊಲಿಯುವ ದಬ್ಬಳಕ್ಕೆ ಹುರಿ ಪೋಣಿಸಿ ಅಕ್ಕ ಹೊರಗೆ ಕೂತಳು. ನಾನು ಹರಿಗೋಲಿನ ಅಡಿಗೆ ತೂರಿಕೊಂಡೆ. ಅವಳು ಮೇಲಿನಿಂದ ದಬ್ಬಳ ಚುಚ್ಚುವುದು, ನಾನು ಬಿದಿರಿನ ಸಂದಿನಲ್ಲಿ ಹಿಡಿದು ಎಳೆದು ತಿರುಗಿ ಮೇಲಕ್ಕೆ ಚುಚ್ಚುವುದು. ಒಳಗೆ ಕತ್ತಲೆ. ಅವಳ ಮುಖ ನನಗೆ ಕಾಣದು, ನನ್ನದು ಅವಳಿಗೆ ಕಾಣದು. “ಸಿಕ್ತಾ?” ಎಂದು ಅವಳು, “ಸಿಕ್ತು” ಎಂದು ನಾನು. ಸೀಳು ಮುಗಿಯುವವರೆಗೂ ಇದೇ ಮಾತು. ಈಗ ಒಬ್ಬಳೇ ಕೌದಿ ಹೊಲಿಯುವಾಗ ದಬ್ಬಳ ಆಚೆ ಹೋದ ಕೂಡಲೇ ಆ ಮಾತಿಗೆ ಕಿವಿ ಕೊಡುತ್ತೇನೆ.

ಹಿಂದಿನ ಸಲ ಉಳಿದ ಡಾಂಬರು ಡಬ್ಬಿಯಲ್ಲಿ ಕಲ್ಲಾಗಿತ್ತು. ಒಡೆದು ಕರಗಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಬಳಿದೆವು. ಅಕ್ಕ ಗೋಣಿಯ ಮೇಲೆ ಊಟದ ತಟ್ಟೆಯನ್ನು ಬೋರಲು ಹಾಕಿ ಇದ್ದಿಲಿನಿಂದ ಗೆರೆ ಎಳೆದು ದುಂಡಗೆ ಕತ್ತರಿಸಿದಳು. ಹಚ್ಚಿ, ಒತ್ತಿ, ಮತ್ತೆ ಬಳಿದಳು. ಹಾಲಿಗೆಲ್ಲ ಡಾಂಬರಿನ ವಾಸನೆ ಹಿಡಿಯುತ್ತದೆ ಎಂದು ಅಜ್ಜಿ ಗೊಣಗಿದಳು. ಹಿಡಿಯಿತು ಕೂಡ, ಆ ವಾರವೆಲ್ಲ ಮಜ್ಜಿಗೆಯೂ ರಸ್ತೆಯ ಹಾಗೆ ನಾರುತ್ತಿತ್ತು.

ಮತ್ತೆ ಬೂದಿ ಜರಡಿ ಹಿಡಿದು ನೀರು ಸುರಿದೆವು. ಈ ಸಲ ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಬೆಳಿಗ್ಗೆ ಅಕ್ಕನೇ ಬಗ್ಗಿ ನೋಡಿ ನನ್ನನ್ನು ಕರೆದಳು. ಬೂದಿ ಹಾಕಿದ ಹಾಗೇ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಕೋಳಿಯ ಹೆಜ್ಜೆಗಳು ಮಾತ್ರ ಇದ್ದವು.

ಪರೀಕ್ಷೆಯ ದಿನ ಹೊಳೆ ಕೆಂಪಗೆ ಹರಿಯುತ್ತಿತ್ತು. ಹೊಲಿಗೆ ಹಾಕಿದ ಹರಿಗೋಲನ್ನು ಮೊದಲ ಸಲ ನೀರಿಗಿಳಿಸುವಾಗ ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಚಿಕ್ಕಪ್ಪನನ್ನು ಪಕ್ಕಕ್ಕೆ ಸರಿಸಿದಳು.

“ಒಲಿಗೆ ಆಕ್ದೋರೇ ಮೊದ್ಲು ಕೂರ್ಬೇಕು. ಅವ್ರು ಕೂತ್ ಮ್ಯಾಲೆ ಬ್ಯಾರೇರು.”

“ಇಷ್ಟ್ ದಿನ ಗಂಡಸ್ರು ಕೂರೋರು” ಎಂದ ಚಿಕ್ಕಪ್ಪ.

“ಇಷ್ಟ್ ದಿನ ಗಂಡಸ್ರು ಒಲೀತಿದ್ರು” ಎಂದಳು ಅಜ್ಜಿ.

ಅಕ್ಕ ಹಾಲ್ ಟಿಕೆಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಒಳಗೆ ಕಾಲಿಟ್ಟಳು. ಹರಿಗೋಲು ಒಂದು ಸುತ್ತು ತೂಗಿ ನಿಂತಿತು. ಅವಳು ತೇಪೆಯ ಪಕ್ಕದಲ್ಲೇ ಕೂತಳು. ಅಜ್ಜಿ ನನ್ನ ಬೆನ್ನಿಗೂ ಕೈಯಿಟ್ಟು ನೂಕಿದಳು, ಅರ್ಧ ಹೊಲಿಗೆ ನನ್ನದಲ್ಲವೇ ಎಂದು. ಕೊನೆಗೆ ಚಿಕ್ಕಪ್ಪ ಹತ್ತಿದ.

ನಡುಹೊಳೆಯಲ್ಲಿ ಸೆಳೆತ ನಮ್ಮನ್ನು ತಿರುಗಿಸಿ ತಿರುಗಿಸಿ ಕೆಳಕ್ಕೆ ಒಯ್ಯಿತು. ಚಿಕ್ಕಪ್ಪ ಬಗ್ಗಿ ಬಗ್ಗಿ ಹುಟ್ಟು ಹಾಕುತ್ತಿದ್ದ. ಅಕ್ಕ ಬಿದಿರಿನ ಸಂದಿನಲ್ಲಿ ಎರಡು ಬೆರಳು ತೂರಿಸಿ ಹೊಲಿಗೆಯ ಮೇಲೆ ಇಟ್ಟಿದ್ದಳು, ಆಚೆ ದಡದವರೆಗೂ ತೆಗೆಯಲಿಲ್ಲ. ಅದರ ಕೆಳಗೆ ನೀರು ಓಡುವುದು ಬೆರಳಿಗೆ ತಿಳಿಯುತ್ತಿತ್ತು ಎಂದು ಆಮೇಲೆ ಹೇಳಿದಳು.

ದಡ ಮುಟ್ಟಿದ ಮೇಲೆ ಚಿಕ್ಕಪ್ಪ ಬಗ್ಗಿ ತಳವನ್ನೆಲ್ಲ ಅಂಗೈಯಿಂದ ಸವರಿದ. ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡು, ಅಕ್ಕನ ಮುಂದೆ ಚಾಚಿದ. ಕೈ ಚೂರೂ ಒದ್ದೆಯಾಗಿರಲಿಲ್ಲ. ಹೊಳೆನರಸೀಪುರದ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಅವನ ಬಾಯಿಗೆ ಬಿಡುವಿರಲಿಲ್ಲ. ಪಕ್ಕದ ಬೆಂಚಿನವರು, ಮಾಣಿ, ಯಾರಾದರೂ ಸರಿ, ತೇಪೆಯ ಕಥೆ ಕೇಳದೆ ಎದ್ದು ಹೋಗುವಂತಿರಲಿಲ್ಲ. ಮೆಂತ್ಯದ ಸುದ್ದಿ ಮಾತ್ರ ಎತ್ತಲಿಲ್ಲ.

ಅಕ್ಕ ಲೆಕ್ಕದಲ್ಲಿ ಪಾಸಾದಳು. ಹಾಸನಕ್ಕೆ ಹೋದಳು, ಚನ್ನರಾಯಪಟ್ಟಣದ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿದಳು, ಹೆಚ್ಚಾಗಿ ಲೆಕ್ಕವನ್ನೇ ಕಲಿಸಿದಳು. ಆ ಹರಿಗೋಲಿನ ಬಿದಿರು ಲಡ್ಡು ಹಿಡಿದು ಮುರಿದಾಗಲೂ ತೇಪೆ ಬಿಟ್ಟಿರಲಿಲ್ಲ. ಇದೆಲ್ಲ ಆಮೇಲಿನ ಮಾತು.

ನನ್ನ ಕಣ್ಣಿಗೆ ಕಟ್ಟಿರುವುದು ಆ ಬೆಳಿಗ್ಗೆ, ಪರೀಕ್ಷೆಯ ಸ್ಕೂಲಿನ ಬಾಗಿಲು. ಬೇರೆ ಹುಡುಗಿಯರೆಲ್ಲ ಪುಸ್ತಕ ತೆರೆದು ಬಾಯಿಪಾಠ ಮಾಡುತ್ತ ಒಳಗೆ ಹೋಗುತ್ತಿದ್ದರು. ಸೀಗೆಪುಡಿ, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದ್ದರೂ ಅಕ್ಕನ ಉಗುರುಗಳಲ್ಲಿ ಡಾಂಬರು ಹಾಗೇ ಇತ್ತು. ದಾರಿಯುದ್ದಕ್ಕೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ಗಂಟೆ ಹೊಡೆಯಿತು. ಅವಳು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ತಿರುಗಿ ನಿಂತು, ಹತ್ತೂ ಕಪ್ಪು ಬೆರಳುಗಳನ್ನು ನನ್ನ ಕಡೆ ಎತ್ತಿ ತೋರಿಸಿ ನಕ್ಕಳು. ಹಾಗೇ ಕೈ ಮುಚ್ಚಿಕೊಳ್ಳದೆ ಒಳಗೆ ಹೋದಳು.